ಆರನೆಯ ಪುಟಕ್ಕೂ ಏಳನೆಯ ಪುಟಕ್ಕೂ ನಡುವೆ

ಇಪ್ಪತ್ತಾರು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಅವಳನ್ನು ಎಲ್ಲರೂ ಕರಡಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ತಮಾಷೆಗೆ ಇಟ್ಟ ಹೆಸರು. ಬರಬರುತ್ತಾ ಅಂಚೆಯವನೂ ಹಾಗೇ ಕೂಗತೊಡಗಿದ. ಬೆಳಿಗ್ಗೆ ಒಂಬತ್ತೂವರೆಗೆ ಕಿಟಕಿ ಪಕ್ಕದ ಮೇಜಿಗೆ ಕೂತಳೆಂದರೆ ಕೆಂಪು ಪೆನ್ನು, ಮರದ ಅಡಿಕೋಲು, ದಪ್ಪ ಕನ್ನಡಕ, ಇಷ್ಟೇ ಅವಳ ಪ್ರಪಂಚ. ಅಡಿಕೋಲನ್ನು ಸಾಲಿನ ಕೆಳಗಿಟ್ಟು ಒಂದೊಂದೇ ಸಾಲು ಇಳಿಸುತ್ತಾ ಓದುವಳು. ಮಾತು ಕಡಿಮೆ. ಜಗಳವೆಂದರೆ ಮಾರು ದೂರ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ "ಸಾರಿ" ಅನ್ನುವ ಜಾತಿಯ ಹೆಂಗಸು.

ಇಂಥವಳನ್ನು ಪುರಸಭೆಯ ಕಟ್ಟಡ ಸುರಕ್ಷತಾ ಮಂಡಳಿಗೆ ಸದಸ್ಯೆಯಾಗಿ ನೇಮಿಸಿದ್ದಾರೆ ಎಂದಾಗ ಅಚ್ಚಿನ ಮನೆಯವರೆಲ್ಲ ನಕ್ಕರು. ಅವಳೂ ನಕ್ಕಳು.

ಅರ್ಜಿ ತಂದುಕೊಟ್ಟವನು ಅವಳ ತಮ್ಮ. ಪುರಸಭೆಯ ಜನನ ಮರಣ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಹಂಗಾಮಿ ಗುಮಾಸ್ತ. ಕರಡಕ್ಕನ ಗಂಡ ತೀರಿಹೋದ ಮೇಲೆ ತಮ್ಮ, ಅವನ ಹೆಂಡತಿ ಅವಳ ಮನೆಯಲ್ಲೇ ಇದ್ದರು. "ಒಂದು ಸೀಟು ಖಾಲಿ ಇದೆ ಅಕ್ಕ. ನಾಗರಿಕರ ಕಡೆಯಿಂದ ಒಬ್ಬರು ಬೇಕಂತೆ. ತಿಂಗಳಿಗೆ ಒಂದು ಮೀಟಿಂಗು, ಎರಡು ಗಂಟೆ ಕೂತು ಬಂದ್ರೆ ಆಯ್ತು. ಪುರಸಭೆ ಅಧ್ಯಕ್ಷರೇ ಕೇಳಿದ್ರು, ನಿಮ್ಮಕ್ಕ ಆಗಬಹುದಲ್ಲ ಅಂತ," ಎಂದಿದ್ದ. ಅಧ್ಯಕ್ಷರಿಗೆ ತನ್ನ ಗುರುತು ಹೇಗೆ ಎಂದು ಅವಳು ಕೇಳಲಿಲ್ಲ. ತಮ್ಮನ ಮುಖದಲ್ಲಿ ಅಷ್ಟು ಹುರುಪು ಕಂಡು ಬಹಳ ದಿನವಾಗಿತ್ತು.

ಸಂದರ್ಶನ ಐದು ನಿಮಿಷ. ಉದ್ದನೆಯ ಮೇಜಿನ ಆಚೆ ಮೂರು ಜನ. ಓದು ಎಷ್ಟು, ಕೆಲಸ ಏನು ಎಂದೆಲ್ಲ ಕೇಳಿ, ಕೊನೆಗೆ ನಡುವೆ ಕೂತಿದ್ದ ಅಧ್ಯಕ್ಷರು ನಗುತ್ತಾ, "ವಾದ ಮಾಡೋ ಅಭ್ಯಾಸ ಇದೆಯೇ ತಾಯಿ?" ಎಂದರು.

"ಬೇರೆಯವರ ಮಾತು ತಿದ್ದೋದ್ರಲ್ಲೇ ದಿನ ಹೋಗತ್ತೆ ಸಾರ್. ನನ್ನ ಮಾತಿಗೆ ಪುರುಸೊತ್ತೆಲ್ಲಿ?"

ಮೂವರೂ ನಕ್ಕರು. ಮುಂದಿನ ವಾರ ಪುರಸಭೆಯ ಸಭೆಯಲ್ಲಿ ಕೈ ಎತ್ತಿ ಒಪ್ಪಿಗೆ ಕೊಟ್ಟರು. ಅದರ ಮಾರನೆಯ ದಿನ ಮಂಡಳಿಯ ಕಾರ್ಯದರ್ಶಿಯ ಮುಂದೆ ನಿಂತು, ಭಯವಿಲ್ಲದೆ ಪಕ್ಷಪಾತವಿಲ್ಲದೆ ಕೆಲಸ ಮಾಡುತ್ತೇನೆಂದು ಅವಳು ಪ್ರಮಾಣ ಮಾಡಿದಳು. ಕಾರ್ಯದರ್ಶಿ ಐವತ್ತರ ಆಸುಪಾಸಿನ, ಕಡ್ಡಿಯಂಥ ಹೆಂಗಸು. ಪ್ರಮಾಣ ಮುಗಿದ ಮೇಲೆ ನಿಯಮಗಳ ಸಣ್ಣ ಪುಸ್ತಕ ಕೈಗಿಟ್ಟು, "ಓದ್ಕೊಳಿ. ಯಾರೂ ಓದಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಕರಡಕ್ಕ ಓದಿದಳು. ಓದುವುದು ಅವಳಿಗೆ ಚಟ. ಮಂಡಳಿಯಲ್ಲಿ ಏಳು ಜನ: ಇಲ್ಲೂ ಅಧ್ಯಕ್ಷರಾಗಿದ್ದ ಪುರಸಭೆಯ ಅಧ್ಯಕ್ಷರು, ಇಬ್ಬರು ಕೌನ್ಸಿಲರು, ಒಬ್ಬ ಡಾಕ್ಟರು, ಒಬ್ಬ ಹೆಡ್‌ಮೇಡಂ, ಕಬ್ಬಿಣದಂಗಡಿಯ ಸಾಹುಕಾರ, ಮತ್ತೆ ತಾನು. ಸಭೆ ನಡೆಯಬೇಕಾದರೆ ಕನಿಷ್ಠ ನಾಲ್ಕು ಜನ ಇರಬೇಕು. ಅದಕ್ಕೆ ಕೋರಂ ಎನ್ನುತ್ತಾರೆ. ನಾಲ್ಕರಲ್ಲಿ ಒಬ್ಬರು ಎದ್ದು ಹೋಗಿ ಅರ್ಧ ಗಂಟೆಯೊಳಗೆ ಬಾರದಿದ್ದರೆ ಸಭೆ ಬರಖಾಸ್ತು. ಆಮೇಲೆ ಏಳು ದಿನದ ನೋಟೀಸು ಹಚ್ಚಿ ಮತ್ತೆ ಸೇರಬೇಕು.

ಮೊದಲ ಸಭೆಗೆ ಸೇರಿದ್ದು ಐದು ಜನ. ಡಾಕ್ಟರು ಎಂದೂ ಬರುವುದಿಲ್ಲವಂತೆ, ಹೆಡ್‌ಮೇಡಂ ಇತ್ತೀಚೆಗೆ ಬರುವುದು ಬಿಟ್ಟಿದ್ದಾರಂತೆ. ಹಿಂದಿನ ಸಭೆಯ ನಡಾವಳಿಯಲ್ಲಿ ಎರಡು ಅಕ್ಷರ ತಪ್ಪಿವೆ ಎಂದು ಕರಡಕ್ಕ ಹೇಳಿದಾಗ ಎಲ್ಲರೂ ಗೊಳ್ಳೆಂದರು. "ನೋಡಿ, ಇಂಥವರು ಬೇಕು ನಮಗೆ," ಎಂದರು ಅಧ್ಯಕ್ಷರು. ಹತ್ತಿಯಂಥ ಮೆತ್ತಗಿನ ದನಿ. ಅವಳಿಗೆ ಹೆಮ್ಮೆಯಾಗಿ ಮನೆಯವರೆಗೆ ನಡೆದೇ ಬಂದಳು.

ಎರಡನೆಯ ಸಭೆಗೆ ನಾಲ್ಕು ದಿನ ಮುಂಚೆ ಕಾಗದದ ಕಟ್ಟು ಬಂತು. ಅದರಲ್ಲಿ ಒಂದೇ ವಿಷಯ. ಮಾರುಕಟ್ಟೆಯ ಹಿಂದಿನ ನೀರಿನ ಟ್ಯಾಂಕು ಗಟ್ಟಿಯಾಗಿದೆ ಎಂದು ಮಂಡಳಿ ಪತ್ರ ಕೊಡಬೇಕು. ಆ ಟ್ಯಾಂಕು ಆರು ಕಂಬಗಳ ಮೇಲೆ, ಮೂರು ಮಹಡಿಯೆತ್ತರ ನಿಂತಿತ್ತು. ಬುಡದಲ್ಲಿ ಹೊಲಿಗೆ ಅಂಗಡಿಗಳ ಸಾಲು, ಒಂದು ಶಿಶುವಿಹಾರ. ಕಟ್ಟಿಸಿದವನು ಅಧ್ಯಕ್ಷರ ಭಾವಮೈದ. ಇದು ಊರಿಗೇ ಗೊತ್ತಿದ್ದ ಸಂಗತಿ. ಕಾಗದದಲ್ಲಿ ಮಾತ್ರ ಎಲ್ಲೂ ಇರಲಿಲ್ಲ.

ಇಂಜಿನಿಯರನ ವರದಿ ಹನ್ನೊಂದು ಪುಟ. ಕರಡಕ್ಕ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಡಿಕೋಲಿಟ್ಟು ಓದತೊಡಗಿದಳು. ಪಾಪ, ಇಂಜಿನಿಯರನಿಗೆ 'ಪರಿಶೀಲನೆ' ಎಂದು ಬರೆಯಲು ಬರುತ್ತಿರಲಿಲ್ಲ. ಎಲ್ಲ ಕಡೆ 'ಪರೀಶೀಲನೆ' ಎಂದು ದೀರ್ಘ ಎಳೆದಿದ್ದ. ಅವಳು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದಳು. ಏಳನೆಯ ಪುಟದಲ್ಲಿ ಮೂರು ಕಡೆ ಆ ಪದ ಬಂತು. ಮೂರೂ ಸರಿಯಾಗಿತ್ತು. ಎಂಟನೆಯ ಪುಟದಲ್ಲಿ ಮತ್ತೆ ತಪ್ಪು.

ಅವಳ ಕೈ ನಿಂತಿತು. ಹಿಂದಕ್ಕೆ ತಿರುಗಿಸಿದಳು. ಆರನೆಯ ಪುಟದ ಕೊನೆಯ ಸಾಲು ಹೀಗಿತ್ತು: 'ಮೂರನೆಯ ಕಂಬದ ಬುಡದಲ್ಲಿ ಬೆರಳು ತೂರುವಷ್ಟು'. ಅಲ್ಲಿಗೆ ಪುಟ ಮುಗಿದಿತ್ತು. ಏಳನೆಯ ಪುಟ ಶುರುವಾಗುತ್ತಿದ್ದದ್ದು ಹೀಗೆ: 'ಯಾವುದೇ ದೋಷ ಕಂಡುಬರಲಿಲ್ಲ'.

ಬೆರಳು ತೂರುವಷ್ಟು ಏನು?

ಅವಳು ಅದನ್ನು ನಾಲ್ಕು ಸಲ ಓದಿದಳು. ಪಕ್ಕದ ಕೋಣೆಯಲ್ಲಿ ಯಂತ್ರ ಧಡಧಡ ಹೊಡೆದುಕೊಳ್ಳುತ್ತಿತ್ತು. ಪುಟವನ್ನೇ ಬದಲಿಸಿದ್ದಾರೆ. ಬದಲಿಸಿದವರಿಗೆ ಹಿಂದಿನ ಪುಟದ ಕೊನೆಯ ಸಾಲು ನೋಡುವ ತಾಳ್ಮೆ ಇರಲಿಲ್ಲ.

ಅಂದು ನಾಲ್ಕು ಗಂಟೆಗೆ ತಲೆನೋವೆಂದು ಹೇಳಿ ಟ್ಯಾಂಕಿನ ಕಡೆ ಹೋದಳು. ಶಿಶುವಿಹಾರ ಬಿಡುವ ಹೊತ್ತು. ಮಕ್ಕಳು ಚೀಲ ಎಳೆದುಕೊಂಡು ಕಂಬಗಳ ಸುತ್ತ ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಐದು ಕಂಬಗಳು ಪಾಚಿ ಹಿಡಿದು ಕಪ್ಪಾಗಿದ್ದವು. ಮೂರನೆಯದರ ಬುಡ ಮಾತ್ರ ಮೊಣಕಾಲೆತ್ತರಕ್ಕೆ ಹೊಸ ಪ್ಲಾಸ್ಟರು, ಹೊಸ ಬಣ್ಣ. ಅವಳು ಬಗ್ಗಿ ಅಂಗೈ ಇಟ್ಟಳು. ಒದ್ದೆ. ಬಿಸಿಲಿನಲ್ಲಿ ನಿಂತ ಕಂಬ ಒಳಗಿನಿಂದ ತಣ್ಣಗೆ ಬೆವರುತ್ತಿತ್ತು.

"ಏನಕ್ಕ, ಏನಾದ್ರೂ ಕಳ್ಕೊಂಡ್ರಾ?"

ತಿರುಗಿ ನೋಡಿದರೆ ಸ್ಕೂಟರಿನ ಮೇಲೆ ಕೂತ ಒಬ್ಬ ಗಂಡಸು. ಹೆಲ್ಮೆಟ್ ತೆಗೆದಿರಲಿಲ್ಲ. ಕಣ್ಣು ಮಾತ್ರ ಕಾಣುತ್ತಿತ್ತು.

"ಇಲ್ಲಪ್ಪ. ಚಪ್ಪಲಿ ಉಂಗುಷ್ಟ ಕಿತ್ಕೊಂಡಿತ್ತು."

"ಹುಷಾರು. ಇಲ್ಲೆಲ್ಲ ಕಲ್ಲು ಮುಳ್ಳು ಜಾಸ್ತಿ," ಎಂದ. ಅವಳು ಬೀದಿಯ ತಿರುವಿಗೆ ಬರುವವರೆಗೂ ಸ್ಕೂಟರು ಶುರುವಾದ ಸದ್ದು ಕೇಳಿಸಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ತಮ್ಮ ಬಂದ. ಬೂಟು ಬಿಚ್ಚುವ ಮೊದಲೇ ಕೇಳಿದ, "ಇವತ್ತು ಟ್ಯಾಂಕ್ ಹತ್ರ ಹೋಗಿದ್ಯಾ?"

ಅವಳ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. "ನಿಂಗ್ಯಾರು ಹೇಳಿದ್ರು?"

"ಅಧ್ಯಕ್ಷರು ಚೇಂಬರಿಗೆ ಕರೆಸಿದ್ರು. ಕೋಪ ಏನಿಲ್ಲ. ನಗ್ತಾನೇ ಕೇಳಿದ್ರು, ನಿಮ್ಮಕ್ಕನಿಗೆ ಟ್ಯಾಂಕ್ ಕಂಡ್ರೆ ಅಷ್ಟೊಂದು ಇಷ್ಟಾನಾ ಅಂತ." ತಮ್ಮ ಹಣೆಯ ಬೆವರು ಒರೆಸಿಕೊಂಡ. "ಅಕ್ಕಾ, ನನ್ನ ಕಾಯಂ ಫೈಲು ಅವರ ಟೇಬಲ್ ಮೇಲಿದೆ. ಒಂಬತ್ತು ವರ್ಷ ಆಯ್ತು. ಕಣ್ಮುಚ್ಚಿ ಕೈ ಎತ್ತಿ ಬಂದ್ಬಿಡು, ನಿನ್ ದಮ್ಮಯ್ಯ."

ಅವಳು ಎರಡು ಪುಟಗಳನ್ನು ಅವನ ಮುಂದಿಟ್ಟಳು. ಅವನು ಓದಿದ. ಬಹಳ ಹೊತ್ತು ಓದಿದ. ಆಮೇಲೆ ಕಾಗದ ಮಡಚಿ, ಅವಳ ಕಡೆ ನೋಡದೆ, "ನಾನಿದನ್ನ ನೋಡಿಲ್ಲ," ಎಂದು ಎದ್ದು ಹೋದ.

ಆ ಸೀಟು ಖಾಲಿಯಾದದ್ದು ಹೇಗೆ ಎಂಬ ಪ್ರಶ್ನೆ ಅವಳಿಗೆ ಹೊಳೆದದ್ದು ಆಗ. ತನಗಿಂತ ಮುಂಚೆ ಅಲ್ಲಿದ್ದವನು ಒಬ್ಬ ಬಡಗಿ. 'ವೈಯಕ್ತಿಕ ಕಾರಣ'ದಿಂದ ರಾಜೀನಾಮೆ ಎಂದು ನಡಾವಳಿಯಲ್ಲಿತ್ತು. ಮರುದಿನ ಮಧ್ಯಾಹ್ನ ಅವನನ್ನು ಹುಡುಕಿಕೊಂಡು ಹೋದಳು. ಅಂಗಡಿಯ ತಗಡಿನ ಬಾಗಿಲು ಅರ್ಧ ಸುಟ್ಟು ಸೊಟ್ಟಗಾಗಿತ್ತು. ಹಿಂದುಗಡೆ ಮನೆ. ಬಡಗಿ ಬಾಗಿಲನ್ನು ಒಂದು ಗೇಣು ತೆರೆದು, ಅಷ್ಟರಲ್ಲೇ ನಿಂತ.

"ಮಂಡಳಿಯವರಾ? ಕೋಲೆ ಬಸವನ ಹಾಗೆ ತಲೆ ಆಡಿಸಿದ್ರೆ ನಿಮಗೆ ಕ್ಷೇಮ, ಅಷ್ಟೇ ನಾನು ಹೇಳೋದು."

"ನೀವು ಆಡಿಸಲಿಲ್ವಲ್ಲ."

"ಆಡಿಸ್ಲಿಲ್ಲ. ಆ ಕಂಬ ಕುಟ್ಟಿ ನೋಡಿ ಅಂದೆ, ಮೂರು ಸಲ. ಮೂರನೇ ಸಲ ಕೇಳಿದ ವಾರ ಅಂಗಡಿಗೆ ಬೆಂಕಿ ಬಿತ್ತು. ಬೀಡಿ ತುಂಡಿಂದ ಅಂತ ಬರ್ಕೊಂಡ್ರು. ನನ್ನ ಅಂಗಡೀಲಿ ಯಾರೂ ಬೀಡಿ ಸೇದಲ್ಲಮ್ಮ." ಒಳಗಿನಿಂದ ಯಾವುದೋ ಹೆಂಗಸಿನ ದನಿ, ಬಾಗಿಲು ಹಾಕಿ, ಬಾಗಿಲು ಹಾಕಿ ಎಂದಿತು. ಬಡಗಿ ದನಿ ತಗ್ಗಿಸಿದ. "ನಿಮ್ಮನ್ನ ಯಾಕೆ ಆರಿಸಿದ್ರು ಗೊತ್ತಾ? ನಾನು ಬಿಟ್ಟ ಮೇಲೆ, ಸಾಹುಕಾರ ಊರಲ್ಲಿಲ್ಲದ ದಿನ ನಾಲ್ಕು ತಲೆ ಕೂಡ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ನಿಮ್ಮ ವೋಟಲ್ಲ, ಕುರ್ಚಿ ಮೇಲೆ ಒಂದು ತಲೆ. ಬಾಯಿಲ್ಲದ ತಲೆ." ಬಾಗಿಲು ಮುಚ್ಚಿತು. ಒಳಗೆ ಎರಡು ಚಿಲಕ ಬಿದ್ದ ಸದ್ದಾಯಿತು.

ಸಭೆಗೆ ಹಿಂದಿನ ದಿನ ಅಧ್ಯಕ್ಷರೇ ಮುದ್ರಣಾಲಯಕ್ಕೆ ಬಂದರು. ಯಾವುದೋ ಕರಪತ್ರ ಅಚ್ಚು ಹಾಕಿಸುವ ನೆಪ. ಅವಳ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು, ಅವಳ ಅಡಿಕೋಲನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಒಳ್ಳೆ ಕೆಲಸ ತಾಯಿ ನಿಮ್ಮದು. ತಪ್ಪು ಹುಡುಕೋದು. ಆದ್ರೆ ಇಡೀ ದಿನ ತಪ್ಪು ಹುಡುಕ್ತಾ ಇದ್ರೆ ತಪ್ಪಿಲ್ಲದ ಕಡೇನೂ ಕಾಣೋಕೆ ಶುರುವಾಗತ್ತೆ, ಅಲ್ವಾ?"

"ಹೌದು ಸಾರ್," ಎಂದಳು. ಹಾಗೆ ಅಂದದ್ದಕ್ಕೆ ತನ್ನನ್ನೇ ಹಳಿದುಕೊಂಡಳು.

"ತಮ್ಮ ಒಳ್ಳೆ ಹುಡುಗ. ಅವನ ಹೆಂಡತೀನೂ. ದಿನಾ ಬೆಳಿಗ್ಗೆ ಹಾಲು ತರೋಕೆ ಒಬ್ಬಳೇ ಹೋಗ್ತಾಳೆ ಪಾಪ, ಆ ಕೆರೆ ರಸ್ತೇಲಿ." ಅಡಿಕೋಲನ್ನು ಇದ್ದಲ್ಲೇ ನೇರವಾಗಿ ಇಟ್ಟು ಎದ್ದರು. "ನಾಳೆ ನಾಲ್ಕು ಗಂಟೆಗೆ. ಮರೀಬೇಡಿ. ಸಾಹುಕಾರರು ಊರಲ್ಲಿಲ್ಲ, ನೀವು ಬರದಿದ್ರೆ ಸಭೇನೇ ಇಲ್ಲ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಹೋಗದೆ ಇದ್ದುಬಿಡಲೇ? ಜ್ವರವೆಂದು ಹೇಳಿದರೆ ಕಾರು ಕಳಿಸುತ್ತಾರೆ. ಬೆಳಿಗ್ಗೆ ಹಾಲು ತರಲು ತಾನೇ ಹೊರಟಳು. ತಮ್ಮನ ಹೆಂಡತಿ ಬೆರಗಾಗಿ ನೋಡಿದಳು. ಕೆರೆ ರಸ್ತೆಯಲ್ಲಿ ಯಾವ ಸ್ಕೂಟರಿನ ಸದ್ದು ಕೇಳಿದರೂ ಕರಡಕ್ಕ ಬೇಲಿಗೆ ಒತ್ತಿ ನಿಲ್ಲುತ್ತಿದ್ದಳು.

ನಾಲ್ಕು ಗಂಟೆಗೆ ಸಭಾಂಗಣದಲ್ಲಿ ಅಧ್ಯಕ್ಷರು, ಇಬ್ಬರು ಕೌನ್ಸಿಲರು, ಅವಳು. ಕಬ್ಬಿಣದಂಗಡಿ ಸಾಹುಕಾರ ಊರಲ್ಲಿರಲಿಲ್ಲ. ಲೆಕ್ಕಕ್ಕೆ ಸರಿಯಾಗಿ ನಾಲ್ಕು ತಲೆ. ಸಾರ್ವಜನಿಕರಿಗೆಂದು ಹಾಕಿದ್ದ ಹಿಂದಿನ ಕುರ್ಚಿಗಳಲ್ಲಿ ಒಬ್ಬನೇ ಒಬ್ಬ ಕೂತಿದ್ದ, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು. ಈಗ ಅವನ ಮುಖ ಕಾಣುತ್ತಿತ್ತು. ಯಾವ ಬೀದಿಯಲ್ಲೂ ಸಿಗಬಹುದಾದ ಸಾದಾ ಮುಖ. ಅದೇ ಅವಳಿಗೆ ಹೆಚ್ಚು ಹೆದರಿಕೆ ತರಿಸಿತು.

ಕಾರ್ಯದರ್ಶಿ ಹಾಜರಿ ಬರೆದುಕೊಂಡಳು. "ನಾಲ್ಕು ಜನ. ಕೋರಂ ಇದೆ." ಆಮೇಲೆ ಕಾಗದ ಜೋಡಿಸುತ್ತಾ, ಯಾರಿಗೂ ಅಲ್ಲವೆಂಬಂತೆ, "ಸದ್ಯಕ್ಕೆ," ಎಂದಳು.

"ವಿಷಯ ಒಂದು," ಎಂದರು ಅಧ್ಯಕ್ಷರು. "ವರದಿ ಎಲ್ಲರೂ ಓದಿದೀರಿ. ಚರ್ಚೆ ಏನಾದ್ರೂ?"

ಕರಡಕ್ಕ ಬಾಯಿ ತೆರೆದಳು. ಮಾತು ಸಿದ್ಧವಾಗಿತ್ತು, ಬೆಳಿಗ್ಗೆಯಿಂದ ಹತ್ತು ಸಲ ಒಳಗೊಳಗೇ ಹೇಳಿಕೊಂಡಿದ್ದಳು. ಸ್ವರವೇ ಹೊರಡಲಿಲ್ಲ. ಹಿಂದೆ ಹೆಲ್ಮೆಟ್ಟಿನ ಮೇಲೆ ಬೆರಳು ಬಡಿಯುವ ಸದ್ದು, ಟಕ್, ಟಕ್. ಅಧ್ಯಕ್ಷರು ಅವಳನ್ನೇ ನೋಡಿ ನಕ್ಕು, "ಹಾಗಾದ್ರೆ ಮತಕ್ಕೆ ಹಾಕೋಣ," ಎಂದರು.

"ಸಾರ್, ಒಂದ್ನಿಮಿಷ," ಎಂದಳು ಅವಳು. ಸೆರಗನ್ನು ಬಾಯಿಗೊತ್ತಿ ಎದ್ದು, ಕಾರಿಡಾರಿನ ಕೊನೆಯ ಹೆಂಗಸರ ಶೌಚಾಲಯಕ್ಕೆ ಓಡಿ ಚಿಲಕ ಹಾಕಿಕೊಂಡಳು.

ವಾಂತಿಯಾಯಿತು. ಮುಖಕ್ಕೆ ನೀರು ಹಾಕಿಕೊಂಡು ಗೋಡೆಗೊರಗಿದಳು. ಹೊರಗೆ ಹೋಗಬೇಕು, ಕೈ ಎತ್ತಬೇಕು, ಎಲ್ಲ ಮುಗಿಯುತ್ತದೆ ಎಂದುಕೊಂಡಳು. ಚಿಲಕಕ್ಕೆ ಕೈ ಹಾಕಿದಳು. ಆಗ ಕಾರ್ಯದರ್ಶಿಯ ಆ ಒಂದು ಪದ ನೆನಪಾಯಿತು: ಸದ್ಯಕ್ಕೆ. ಕೈಗಡಿಯಾರ ನೋಡಿಕೊಂಡಳು. ನಾಲ್ಕು ಹನ್ನೆರಡು. ಅರ್ಧ ಗಂಟೆ ಇಲ್ಲೇ ಇದ್ದರೆ ಸಭೆಯೇ ಇಲ್ಲ.

ಮೊದಲು ಬಂದವಳು ಕಾರ್ಯದರ್ಶಿ. "ಹುಷಾರಿದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು. ಆಮೇಲೆ ಗಂಡಸಿನ ಹೆಜ್ಜೆ. ಬಾಗಿಲಿಗೆ ಮೂರು ಸಲ ಮೆಲ್ಲಗೆ ಬೆರಳು ತಟ್ಟಿತು.

"ತಾಯಿ, ಎಲ್ಲ ಕಾಯ್ತಿದಾರೆ."

ಅವಳು ಉಸಿರು ಬಿಗಿಹಿಡಿದಳು.

"ಡಾಕ್ಟರನ್ನ ಕರೆಸಲಾ? ಬಾಗಿಲು ಒಡೆಸಲಾ? ಒಳಗೆ ಬಿದ್ದಿದೀರೇನೋ ಅಂತ ಗಾಬರಿ ನಮಗೆ." ದನಿ ಅಷ್ಟೇ ಮೆತ್ತಗಿತ್ತು. "ನಾನು ಒಳ್ಳೆ ಮಾತಲ್ಲೇ ಹೇಳ್ತಾ ಇದೀನಿ."

ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಕರಿ ಬೂಟಿನ ತುದಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು ಜೊತೆ, ಧೂಳು ಹಿಡಿದ ಚಪ್ಪಲಿ. ಚಿಲಕ ಒಮ್ಮೆ ಅಲುಗಾಡಿತು. ಅವಳು ಎರಡೂ ಕೈಯಿಂದ ಅದನ್ನು ಹಿಡಿದು ನಿಂತಳು. ಮದುವೆಯಾದಾಗ, ಗಂಡ ಸತ್ತಾಗ, ಎಂದೂ ಯಾವುದನ್ನೂ ಅವಳು ಅಷ್ಟು ಬಿಗಿಯಾಗಿ ಹಿಡಿದವಳಲ್ಲ. ಗಡಿಯಾರ ನೋಡಲು ಕೈ ಬಿಡುವಂತಿರಲಿಲ್ಲ.

ಕೊನೆಗೆ ಕಾರಿಡಾರಿನ ಆ ತುದಿಯಿಂದ ಕಾರ್ಯದರ್ಶಿಯ ದನಿ ಕೇಳಿಸಿತು. ಅವಳು ಎಂದೂ ಅಷ್ಟು ಜೋರಾಗಿ ಮಾತಾಡಿದ್ದನ್ನು ಕರಡಕ್ಕ ಕೇಳಿರಲಿಲ್ಲ. "ಸಾರ್, ನಾಲ್ಕು ನಲವತ್ತೆರಡು! ಕೋರಂ ಇಲ್ಲ. ಸಭೆ ಬರಖಾಸ್ತು ಅಂತ ಬರ್ಕೊಂಡೆ."

ಬೂಟುಗಳು ಕೊಂಚ ಹೊತ್ತು ಅಲ್ಲೇ ಇದ್ದು, ತಿರುಗಿ ಹೋದವು.

ಮುಂದಿನ ಸಭೆಗೆ ಏಳು ದಿನ. ಕಾರ್ಯದರ್ಶಿ ಅವಳನ್ನು ಹಿಂಬಾಗಿಲಿನಿಂದ ಬಸ್ಸಿನ ನಿಲ್ದಾಣದವರೆಗೆ ಬಿಡಲು ಬಂದಳು. ದಾರಿಯಲ್ಲಿ ಹೇಳಿದಳು, "ಇನ್ನೊಂದ್ಸಲ ಬಚ್ಚಲಲ್ಲಿ ಕೂರೋಕಾಗಲ್ಲ. ನಿಯಮ ಹದಿನಾಲ್ಕು ಓದಿ. ಸದಸ್ಯರು ಪ್ರಶ್ನೇನ ಬರೆದು ಕೊಟ್ರೆ ನಾನು ಅದನ್ನ ಏಳೂ ಜನಕ್ಕೆ ಕಳಿಸಲೇಬೇಕು, ಗೇಟಿನ ಹಲಗೆಗೆ ಹಚ್ಚಲೇಬೇಕು. ಬಾಯಲ್ಲಿ ಕೇಳೋಕೆ ಆಗದಿದ್ರೆ ಬೇಡ. ನಿಮಗೆ ಕೈ ಇದೆಯಲ್ಲ."

"ನಿಮಗೆ ತೊಂದ್ರೆ ಆಗಲ್ವಾ?"

"ಆಗತ್ತೆ," ಎಂದಳು ಕಾರ್ಯದರ್ಶಿ.

ಮಾರನೆಯ ದಿನ ಕರಡಕ್ಕ ಬರೆದಳು. ಯಾರ ಮೇಲೂ ಆರೋಪವಿಲ್ಲ. ಆರನೆಯ ಪುಟದ ಕೊನೆಯ ಸಾಲು, ಏಳನೆಯ ಪುಟದ ಮೊದಲ ಸಾಲು, ಕೆಳಗೆ ಒಂದೇ ಪ್ರಶ್ನೆ: 'ಬೆರಳು ತೂರುವಷ್ಟು ಏನು?' ಕಾರ್ಯದರ್ಶಿ ಅದರ ಮೇಲೆ ಮೊಹರು ಒತ್ತಿದಳು.

ಹಲಗೆಯ ಮೇಲಿನ ಆ ಕಾಗದವನ್ನು ಮೊದಲ ದಿನ ಯಾರೋ ಹರಿದರು. ಕಾರ್ಯದರ್ಶಿ ಇನ್ನೊಂದು ಹಚ್ಚಿದಳು. ಎರಡನೆಯದನ್ನು ಶಿಶುವಿಹಾರದ ಟೀಚರು ಓದಿದಳು. ಮೂರನೆಯ ದಿನ ಶಿಶುವಿಹಾರಕ್ಕೆ ಮಕ್ಕಳು ಬರಲಿಲ್ಲ. ಹೊಲಿಗೆಯವರು ಯಂತ್ರಗಳನ್ನು ತಲೆಯ ಮೇಲೆ ಹೊತ್ತು ಬೀದಿಯ ಆಚೆ ಬದಿಗೆ ಸಾಗಿಸಿದರು. ಆ ವಾರವೆಲ್ಲ ಕರಡಕ್ಕನ ಮನೆಯ ಎದುರು ದಿನಕ್ಕೆರಡು ಸಲ ಒಂದು ಸ್ಕೂಟರು ಬಂದು, ಎಂಜಿನ್ ಆರಿಸದೆ ನಿಂತು, ಹೋಗುತ್ತಿತ್ತು. ತಮ್ಮ ಅವಳೊಂದಿಗೆ ಮಾತು ಬಿಟ್ಟ. ಹೆಂಡತಿಯನ್ನು ತವರಿಗೆ ಕಳಿಸಿದ.

ಸಭೆಯ ದಿನ ಹಿಂದಿನ ಕುರ್ಚಿಗಳು ಸಾಲದೆ ಜನ ಗೋಡೆಗೆ ಆತು ನಿಂತಿದ್ದರು. ಎಂದೂ ಬಾರದ ಡಾಕ್ಟರು ಬಂದಿದ್ದರು, ಹೆಡ್‌ಮೇಡಂ ಬಂದಿದ್ದರು. ಸಾಹುಕಾರನೂ ಬಂದು ಕೂತು ಯಾರ ಮುಖವನ್ನೂ ನೋಡದೆ ಮೀಸೆ ತಿರುವುತ್ತಿದ್ದ. ರಜೆಯ ಮೇಲಿದ್ದ ಇಂಜಿನಿಯರನನ್ನು ಡಾಕ್ಟರೇ ಹಟ ಹಿಡಿದು ಕರೆಸಿದ್ದರು. ಏಳನೆಯ ಪುಟವನ್ನು ಅವನ ಕೈಗೆ ಕೊಟ್ಟು, "ಇದು ನೀವು ಬರೆದದ್ದಾ?" ಎಂದರು.

ಇಂಜಿನಿಯರ ಪುಟ ನೋಡಿದ. ಅಧ್ಯಕ್ಷರನ್ನು ನೋಡಿದ. ಹಿಂದೆ ನಿಂತ ತಾಯಂದಿರನ್ನು ನೋಡಿದ. "ಅಲ್ಲ," ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಟ್ಯಾಂಕು ಬರಿದು ಮಾಡಿ ಕಂಬ ಒಡೆದು ನೋಡಬೇಕೆಂಬ ಗೊತ್ತುವಳಿಯನ್ನು ಹೆಡ್‌ಮೇಡಂ ಮಂಡಿಸಿದರು. ಪರವಾಗಿ ಡಾಕ್ಟರ ಕೈ ಎದ್ದಿತು, ಹೆಡ್‌ಮೇಡಂ ಕೈ ಎದ್ದಿತು, ತಡವಾಗಿ ಸಾಹುಕಾರನ ಕೈ ಎದ್ದಿತು. ಮೂರು. ಅಧ್ಯಕ್ಷರು ಕರಡಕ್ಕನ ಕಡೆ ತಿರುಗಿದರು. ಈಗ ನಗು ಇರಲಿಲ್ಲ. ಅವಳ ಕೈ ಎಲ್ಲರಂತೆ ತಲೆಯ ಮೇಲೆ ಏಳಲಿಲ್ಲ. ಕಿವಿಯವರೆಗೆ ಬಂದು ಅಲ್ಲೇ ನಿಂತಿತು. "ನಾಲ್ಕು," ಎಂದು ಕಾರ್ಯದರ್ಶಿ ಬರೆದುಕೊಂಡಳು.

ಪ್ಲಾಸ್ಟರು ಕೆತ್ತಿದಾಗ ಬಿರುಕು ಬುಡದಿಂದ ಆಳೆತ್ತರಕ್ಕೆ ಹೋಗಿತ್ತು. ಒಳಗಿನ ಕಬ್ಬಿಣ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಟ್ಯಾಂಕನ್ನು ಇಳಿಸಲು ಹನ್ನೊಂದು ದಿನ ಹಿಡಿಯಿತು.

ಎರಡು ತಿಂಗಳಿಗೆ ಮಂಡಳಿಯನ್ನು 'ಪುನಾರಚಿಸಿದರು'. ಸದಸ್ಯರು ಪುರಸಭೆಯ ಇಚ್ಛೆ ಇರುವವರೆಗೆ ಮಾತ್ರ ಎಂದು ನಿಯಮದಲ್ಲೇ ಇತ್ತು. ಹೊಸ ಪಟ್ಟಿಯಲ್ಲಿ ಕರಡಕ್ಕನ ಹೆಸರಿರಲಿಲ್ಲ, ಡಾಕ್ಟರ ಹೆಸರಿರಲಿಲ್ಲ. ಅಧ್ಯಕ್ಷರ ಹೆಸರು ಇತ್ತು. ಟ್ಯಾಂಕಿನ ಬಗ್ಗೆ ಅವರ ಮೇಲೆ ಶುರುವಾದ ವಿಚಾರಣೆ ಇನ್ನೂ ನಡೆಯುತ್ತಿತ್ತು. ಕಾರ್ಯದರ್ಶಿಯನ್ನು ದಾಖಲೆ ಕೋಣೆಗೆ ಹಾಕಿದರು. ತಮ್ಮನ ಕಾಯಂ ಫೈಲು ಸಹಿಯಿಲ್ಲದೆ ವಾಪಸು ಬಂತು.

ಅವತ್ತು ಸಂಜೆ ತಮ್ಮ ಎಷ್ಟೋ ದಿನದ ಮೇಲೆ ಅವಳ ಪಕ್ಕ ಬಂದು ಕೂತ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ.

"ಬಡಗಿ ಸಿಕ್ಕಿದ್ದ," ಎಂದ. "ಅಂಗಡಿ ಬಾಗಿಲು ಹೊಸದು ಮಾಡಿಸ್ತಿದಾನೆ. ನಿನ್ನ ಕೇಳ್ದ." ಆಮೇಲೆ ಕೇಳಿದ, "ಅಕ್ಕಾ, ಅವತ್ತು ನಿಂಗೆ ಭಯ ಆಗ್ಲಿಲ್ವಾ?"

"ಅವತ್ತಿನ ಮಾತೇನು? ಈಗ್ಲೂ ಆಗ್ತಿದೆ ಕಣೋ."

ಬೀದಿಯ ತುದಿಯಲ್ಲಿ ಸ್ಕೂಟರಿನ ಸದ್ದಾಯಿತು. ಇಬ್ಬರೂ ಮಾತು ನಿಲ್ಲಿಸಿದರು. ಸದ್ದು ಹತ್ತಿರ ಬಂತು, ಮನೆಯ ಮುಂದೆ ಕೊಂಚ ನಿಧಾನಿಸಿದಂತಾಯಿತು, ಮುಂದೆ ಹೋಯಿತು. ತಮ್ಮ ಎದ್ದು ಬಾಗಿಲ ಬಳಿ ಹೋಗಿ ಚಿಲಕ ಎಳೆದು ನೋಡಿದ. ಆಮೇಲೆ ತನ್ನ ಚಾಪೆಯನ್ನು ತಂದು ಬಾಗಿಲಿಗೆ ಅಡ್ಡಲಾಗಿ ಹಾಸಿಕೊಂಡ.